ನಡುಗೋಡೆ ತೆಗೆಸಿದ ಮೇಲೆ ಬಿರುಕು ಬಂತೇ? ದೋಷ ಎಲ್ಲಿದೆ ಅಂತ ಹುಡುಕುವ ಬಗೆ

ಎರಡು ಕೋಣೆಗಳ ನಡುವಿನ ಗೋಡೆ ಒಡೆಸಿ ಒಂದೇ ಹಾಲ್ ಮಾಡಿಕೊಂಡಿದ್ದೀರಿ. ಪೇಂಟಿಂಗ್ ಕೂಡ ಮುಗಿದಿದೆ. ಈಗ ಛಾವಣಿಯಲ್ಲಿ ಒಂದು ಗೆರೆ ಕಾಣುತ್ತಿದೆ. ಇಲ್ಲವೇ ಮಹಡಿಯ ಬಾಗಿಲು ಚೌಕಟ್ಟಿಗೆ ಉಜ್ಜುತ್ತಿದೆ. ಇಲ್ಲವೇ ಹೊಸ ಬೀಮ್‌ನ ತುದಿಯಲ್ಲಿ ಪ್ಲಾಸ್ಟರ್ ಉದುರುತ್ತಿದೆ. ಇದು ಗಾಬರಿಪಡುವ ವಿಷಯವೋ, ಪುಟ್ಟಿ ಹಚ್ಚಿದರೆ ಮುಗಿಯುವ ವಿಷಯವೋ? ಒಂದು ಸಲ ತಲೆಯೆತ್ತಿ ನೋಡಿ ಹೇಳಲು ಆಗುವುದಿಲ್ಲ. ಹುಡುಕಬೇಕು.

ಗೋಡೆ ಹೋಗಿದೆ, ಆದರೆ ಅದು ಹೊತ್ತಿದ್ದ ಭಾರ ಹೋಗಿಲ್ಲ. ಆ ಭಾರ ಈಗ ಸ್ಲ್ಯಾಬ್‌ನಿಂದ ಬೀಮ್‌ಗೆ, ಬೀಮ್‌ನಿಂದ ಅದರ ಎರಡು ತುದಿಗಳಿಗೆ, ಅಲ್ಲಿಂದ ಕೆಳಗಿನ ಗೋಡೆಗೋ ಪಿಲ್ಲರ್‌ಗೋ, ಕೊನೆಗೆ ಪಾಯಕ್ಕೆ ಇಳಿಯಬೇಕು. ಈ ದಾರಿಯಲ್ಲಿ ಎಲ್ಲಿ ಸಡಿಲ ಇದೆಯೋ ಸಾಮಾನ್ಯವಾಗಿ ಅದರ ಆಸುಪಾಸಿನಲ್ಲೇ ಬಿರುಕು ಏಳುತ್ತದೆ. ಹಾಗಾಗಿ ಮೇಲಿಂದ ಕೆಳಕ್ಕೆ, ಭಾರ ಇಳಿಯುವ ದಾರಿಯಲ್ಲೇ ಹುಡುಕುತ್ತಾ ಹೋಗಿ. ಬಿರುಕು ಮುಚ್ಚುವ ಕೆಲಸ ಕಟ್ಟಕಡೆಗೆ. ಈಗಲೇ ಪುಟ್ಟಿ ಹಚ್ಚಿಬಿಟ್ಟರೆ ಅದು ಬೆಳೆಯುತ್ತಿದೆಯೋ ನಿಂತಿದೆಯೋ ಗೊತ್ತಾಗುವುದೇ ಇಲ್ಲ.

ಹುಡುಕುವ ಮೊದಲು: ಜಾಕಿ ಬೇಕಾ?

ಕೆಲವು ಗುರುತು ಕಂಡರೆ ಪರೀಕ್ಷೆ, ಅಳತೆ ಎಲ್ಲ ಪಕ್ಕಕ್ಕಿಡಿ. ಗಂಟೆಗಳ ಲೆಕ್ಕದಲ್ಲಿ ಬಿರುಕು ಅಗಲವಾಗುತ್ತಿದ್ದರೆ, ಟಕ್ ಟಕ್ ಅಂತ ಸದ್ದು ಬರುತ್ತಿದ್ದರೆ, ಬೀಮ್‌ನ ತುದಿಯ ಕೆಳಗೆ ಇಟ್ಟಿಗೆ ಪುಡಿಯಾಗಿ ಚಕ್ಕೆ ಬೀಳುತ್ತಿದ್ದರೆ ಅಥವಾ ಬೀಮನ್ನೇ ಹಾಕದೆ ಗೋಡೆ ತೆಗೆದಿದ್ದರೆ ಜನರನ್ನು ಆ ಕೋಣೆಯಿಂದಲೂ ಅದರ ಮೇಲಿನ ಕೋಣೆಯಿಂದಲೂ ಹೊರಗೆ ಕಳಿಸಿ. ಸ್ಟ್ರಕ್ಚರಲ್ ಎಂಜಿನಿಯರ್‌ಗೆ ಫೋನ್ ಮಾಡಿ. ಜಾಕಿ, ಅಂದರೆ ಛಾವಣಿಗೆ ತಾತ್ಕಾಲಿಕವಾಗಿ ಆಸರೆ ಕೊಡುವ ಕಂಬ, ಕೊಡಿಸಿ.

ಜಾಕಿ ಕೊಡುವುದರಲ್ಲೂ ತಪ್ಪು ಮಾಡುವವರು ಜಾಸ್ತಿ. ಸೆಂಟ್ರಿಂಗ್‌ಗೆ (ಕಾಂಕ್ರೀಟ್ ಹಾಕುವಾಗ ಕೊಡುವ ಅಚ್ಚು-ಆಸರೆಗೆ) ಬಳಸುವ ಕಬ್ಬಿಣದ ಜಾಕಿ ಸಾಕು, ಆದರೆ ಅದರ ತಲೆ ನೇರವಾಗಿ ಸ್ಲ್ಯಾಬ್‌ಗೆ ತಾಗಬಾರದು, ಬುಡ ನೇರವಾಗಿ ಟೈಲ್ಸ್ ಮೇಲೆ ಕೂರಬಾರದು. ಮೇಲೊಂದು ಕೆಳಗೊಂದು ದಪ್ಪ ಮರದ ತೊಲೆ ಅಡ್ಡಲಾಗಿ ಕೊಟ್ಟು ಭಾರ ಹರಡಬೇಕು. ತೆಗೆದ ಗೋಡೆಯ ಗೆರೆಗೆ ಸಮಾನಾಂತರವಾಗಿ, ಸುಮಾರು ಒಂದು ಮೀಟರ್‌ಗೆ ಒಂದರಂತೆ ನಿಲ್ಲಿಸಿ. ಬೀಮ್ ಮೇಲೆ ಅನುಮಾನ ಇದ್ದರೆ ಅದರ ಎರಡೂ ಬದಿಯಲ್ಲಿ ಸ್ಲ್ಯಾಬ್‌ಗೆ ಒಂದೊಂದು ಸಾಲು ಬೇಕು. ಕೆಳಗೆ ಇನ್ನೊಂದು ಅಂತಸ್ತು ಇದ್ದರೆ ಅಲ್ಲೂ ಅದೇ ಗೆರೆಯಲ್ಲಿ ಜಾಕಿ ಬೇಕು. ಇಲ್ಲದಿದ್ದರೆ ನೀವು ಮಾಡಿದ್ದು ಇಷ್ಟೇ: ಮೇಲಿನ ಸ್ಲ್ಯಾಬ್‌ನ ಭಾರ ತಂದು ಕೆಳಗಿನ ಸ್ಲ್ಯಾಬ್‌ನ ತಲೆಗೆ ಕಟ್ಟಿದ್ದು.

ಜಾಕಿ ಬಿಗಿಯಾಗಿ ಕಚ್ಚಿಕೊಂಡರೆ ಸಾಕು. ತಿರುಗಿಸಿ ತಿರುಗಿಸಿ ಛಾವಣಿಯನ್ನು ಮೊದಲಿದ್ದಲ್ಲಿಗೆ ಎತ್ತಲು ಹೋಗಬೇಡಿ. ಜೋತ ಸ್ಲ್ಯಾಬನ್ನು ಒತ್ತಿ ಎಬ್ಬಿಸಿದರೆ ಅದರ ಮೇಲ್ಮೈಯಲ್ಲಿ ಹೊಸ ಬಿರುಕು ಬರಬಹುದು. ಟೈಲ್ಸ್ ಕೆಳಗೆ ಬಂದರೆ ಅದು ನಿಮಗೆ ಕಾಣುವುದೂ ಇಲ್ಲ.

ಆ ಗೋಡೆ ನಿಜಕ್ಕೂ ಭಾರ ಹೊತ್ತಿತ್ತಾ?

ಒಡೆಯುವ ಮೊದಲು ಕೇಳಬೇಕಿದ್ದ ಪ್ರಶ್ನೆ. ಈಗಲಾದರೂ ಉತ್ತರ ಬೇಕು, ಏಕೆಂದರೆ ಮುಂದಿನ ದಾರಿ ಇದರ ಮೇಲೆ ನಿಂತಿದೆ.

ದಪ್ಪ ನೋಡಿ ತೀರ್ಮಾನ ಮಾಡುವುದು ಎಲ್ಲರ ಅಭ್ಯಾಸ. ಒಂಬತ್ತಿಂಚು ಅಂದರೆ ಭಾರದ ಗೋಡೆ, ನಾಲ್ಕೂವರೆ ಇಂಚು ಅಂದರೆ ಬರೀ ಅಡ್ಡಗೋಡೆ. ಎಷ್ಟೋ ಸಲ ಇದು ಸರಿ, ಆದರೆ ಇದನ್ನೇ ನಂಬಬೇಡಿ. ಪಿಲ್ಲರ್ ಮತ್ತು ಬೀಮ್ ಹಾಕಿ ಕಟ್ಟಿದ ಮನೆಯಲ್ಲಿ ಒಂಬತ್ತಿಂಚಿನ ಗೋಡೆಯೂ ಬರೀ ತುಂಬಿಸಿದ್ದೇ ಇರಬಹುದು. ಪಿಲ್ಲರ್ ಇಲ್ಲದ ಹಳೆ ಮನೆಯಲ್ಲಿ ತೆಳ್ಳನೆಯ ಗೋಡೆಯೂ ಸ್ಲ್ಯಾಬ್ ಹೊತ್ತಿರಬಹುದು. ನಕ್ಷೆ ಇದ್ದರೆ ತೆಗೆದು ನೋಡಿ. ಇಲ್ಲದಿದ್ದರೆ ಮಹಡಿಗೆ ಹೋಗಿ, ಅದೇ ಗೆರೆಯ ಮೇಲೆ ಇನ್ನೊಂದು ಗೋಡೆ ನಿಂತಿದೆಯಾ ನೋಡಿ. ನಿಂತಿದ್ದರೆ ಭಾರ ಹೊತ್ತಿತ್ತು ಅಂತಲೇ ಹಿಡಿದುಕೊಂಡು ಮುಂದುವರಿಯಿರಿ. ಮರದ ಅಟ್ಟ, ಮರದ ಛಾವಣಿ ಇದ್ದರೆ ತೊಲೆಗಳು ಯಾವ ಕಡೆಗೆ ಹೋಗಿವೆ ನೋಡಿ. ಗೋಡೆಗೆ ಅಡ್ಡವಾಗಿ ಬಂದು ಅದರ ಮೇಲೆಯೇ ಎರಡು ತೊಲೆ ಜೋಡಿಸಿದ್ದರೆ ಅನುಮಾನವೇ ಬೇಡ.

ಕಾಂಕ್ರೀಟ್ ಸ್ಲ್ಯಾಬ್‌ನಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಎರಡು ಕೋಣೆಗೂ ಸೇರಿಸಿ ಒಂದೇ ಸಲ ಹಾಕಿದ ಸ್ಲ್ಯಾಬ್‌ನಲ್ಲಿ, ನಡುಗೋಡೆಯ ಮೇಲೆ ಬರುವ ಕಡೆ ಕಂಬಿ ಮೇಲ್ಭಾಗದಲ್ಲಿ ಇರಬೇಕು, ಏಕೆಂದರೆ ಅಲ್ಲಿ ಎಳೆತ ಬೀಳುವುದು ಮೇಲೆ. ಅದಕ್ಕಾಗಿ ಕೆಳಗಿನ ಕಂಬಿಗಳಲ್ಲಿ ಒಂದು ಬಿಟ್ಟು ಒಂದನ್ನು ಗೋಡೆಯ ಹತ್ತಿರ ಮೇಲಕ್ಕೆ ಬಗ್ಗಿಸುವುದು ಹಳೆಯ ರೂಢಿ. ಹಾಗೆ ಮಾಡಿದ್ದರೆ ಗೋಡೆಯ ನೇರಕ್ಕೆ ಸ್ಲ್ಯಾಬ್‌ನ ಅಡಿಯಲ್ಲಿ ಉಳಿಯುವುದು ಅರ್ಧ ಕಂಬಿ. ಈಗ ಗೋಡೆ ತೆಗೆದರೆ ಅದೇ ಜಾಗ ಎರಡು ಆಸರೆಗಳ ನಡುವಿನ ಅಂತರದ, ಅಂದರೆ ಹೊಸ ಸ್ಪ್ಯಾನ್‌ನ ನಟ್ಟನಡುವೆ ಬರುತ್ತದೆ, ಎಳೆತ ಅಡಿಗೆ ತಿರುಗುತ್ತದೆ. ಕಂಬಿ ಕಮ್ಮಿ ಇರುವಲ್ಲೇ ಕೆಲಸ ಜಾಸ್ತಿ. ಬೀಮ್ ಇಲ್ಲದೆ ಗೋಡೆ ತೆಗೆಯುವುದು ಎಷ್ಟು ಅಪಾಯ ಅಂತ ಇದೊಂದರಲ್ಲೇ ಗೊತ್ತಾಗುತ್ತದೆ.

ಲೆಕ್ಕವೂ ಹಾಗೇ ಇದೆ. ತಲಾ 3 ಮೀಟರ್‌ನ ಎರಡು ಬಿಡಿ ಸ್ಪ್ಯಾನ್ ಇದ್ದದ್ದು 6 ಮೀಟರ್‌ನ ಒಂದೇ ಸ್ಪ್ಯಾನ್ ಆಯಿತು ಅಂದುಕೊಳ್ಳಿ. ಅದೇ ದಪ್ಪ, ಅದೇ ಭಾರ. ಬಗ್ಗಿಸುವ ಒತ್ತಡ 4 ಪಟ್ಟು ಆಗುತ್ತದೆ. ಜೋತುಬೀಳುವ ಅಳತೆ ಲೆಕ್ಕದ ಪ್ರಕಾರ 16 ಪಟ್ಟು. "ಸ್ಲ್ಯಾಬ್ ಗಟ್ಟಿ ಇದೆ, ತಡ್ಕೊಳ್ಳುತ್ತೆ ಬಿಡಿ" ಅನ್ನುವ ಮಾತಿಗೆ ಈ ಲೆಕ್ಕದ ಮುಂದೆ ಬೆಲೆ ಇಲ್ಲ.

ಹಾಗಂತ ಭಾರ ಹೊರದ ಅಡ್ಡಗೋಡೆ ತೆಗೆದರೂ ಬಿರುಕು ಬರುತ್ತದೆ. ಕಾಂಕ್ರೀಟ್ ಸ್ಲ್ಯಾಬ್ ವರ್ಷಗಟ್ಟಲೆ ನಿಧಾನವಾಗಿ ಜೋಲುತ್ತಾ ಕೆಳಗಿನ ಅಡ್ಡಗೋಡೆಯ ಮೇಲೆ ಒರಗಿಕೊಂಡಿರುತ್ತದೆ. ಗೋಡೆ ತೆಗೆದಾಗ ಒಂದಷ್ಟು ಮಿಲಿಮೀಟರ್ ಇಳಿಯುತ್ತದೆ, ಕೂದಲೆಳೆ ಬಿರುಕು ಬರುತ್ತದೆ, ಆಮೇಲೆ ನಿಲ್ಲುತ್ತದೆ. ಇಳಿದು ನಿಂತಿತಾ, ಇನ್ನೂ ಇಳಿಯುತ್ತಲೇ ಇದೆಯಾ ಅನ್ನುವುದೇ ಇಲ್ಲಿ ಮುಖ್ಯ. ಅದಕ್ಕೆ ಅಳತೆ ಬೇಕು.

ಅಳತೆ ತೆಗೆಯುವುದು

ದುಬಾರಿ ಉಪಕರಣ ಏನೂ ಬೇಡ. ತೆಗೆದ ಗೋಡೆಯ ಗೆರೆಗೆ ಅಡ್ಡವಾಗಿ, ಈ ಗೋಡೆಯಿಂದ ಆ ಗೋಡೆಗೆ ಛಾವಣಿಯ ಕೆಳಗೆ ಒಂದು ನೈಲಾನ್ ದಾರ ಬಿಗಿಯಾಗಿ ಎಳೆಯಿರಿ. ಎರಡು ತುದಿಯಲ್ಲೂ ಸ್ಲ್ಯಾಬ್‌ಗೆ 50 ಮಿ.ಮೀ. ಮರದ ತುಂಡು ಕೊಟ್ಟು ಅದರ ಕೆಳಗೆ ದಾರ ಹಾಯಿಸಿ. ನಡುವೆ ದಾರದಿಂದ ಸ್ಲ್ಯಾಬ್‌ಗೆ ಎಷ್ಟಿದೆ ಅಳೆಯಿರಿ. 38 ಬಂದರೆ 12 ಮಿ.ಮೀ. ಜೋತಿದೆ. ಬೀಮ್‌ಗೂ ಅದರ ಉದ್ದಕ್ಕೆ ಇದೇ ರೀತಿ ಮಾಡಿ.

ಆದರೆ ಈ ಒಂದು ಅಂಕಿ ನೋಡಿ ಹೌಹಾರಬೇಡಿ. ಸೆಂಟ್ರಿಂಗ್ ಹಲಗೆ ಸ್ವಲ್ಪ ತಗ್ಗಿದ್ದರೆ ಸ್ಲ್ಯಾಬ್ ಹುಟ್ಟಿನಿಂದಲೇ ಜೋತಿರುತ್ತದೆ. ಪ್ಲಾಸ್ಟರ್ ದಪ್ಪವೂ ಎಲ್ಲ ಕಡೆ ಒಂದೇ ಇರುವುದಿಲ್ಲ. ನಿಮಗೆ ಬೇಕಿರುವುದು ಬದಲಾವಣೆ. ಅಳೆದ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ, ತಾರೀಖು ಬರೆದು, ವಾರಕ್ಕೊಮ್ಮೆ ಅದೇ ಜಾಗದಲ್ಲಿ ಅಳೆಯಿರಿ. ಅಂದಾಜಿಗೆ ಬೇಕಾದರೆ, ಉಕ್ಕಿನ ಬೀಮ್ ಓಡಾಟದ ಭಾರಕ್ಕೆ ಸ್ಪ್ಯಾನ್‌ನ 360ರಲ್ಲಿ ಒಂದು ಭಾಗಕ್ಕಿಂತ ಜಾಸ್ತಿ ಬಗ್ಗಬಾರದು ಅನ್ನುವುದು ವಿನ್ಯಾಸದಲ್ಲಿ ರೂಢಿ. 4 ಮೀಟರ್ ಬೀಮ್‌ಗೆ ಅದು ಸುಮಾರು 11 ಮಿ.ಮೀ. ಕಾಂಕ್ರೀಟ್‌ಗೆ ಎಲ್ಲ ಭಾರ ಸೇರಿಸಿ, ಕಾಲಾಂತರದ ಜೋತೂ ಸೇರಿಸಿ 250ರಲ್ಲಿ ಒಂದು ಭಾಗ, ಅಂದರೆ 16 ಮಿ.ಮೀ.

ಬಿರುಕಿಗೆ ಗಾಜು ಅಂಟಿಸಿ. ಬಿರುಕಿನ ಎರಡೂ ಬದಿಯ ಪ್ಲಾಸ್ಟರ್ ಕೆರೆದು, ಇಟ್ಟಿಗೆ ಅಥವಾ ಕಾಂಕ್ರೀಟ್ ಕಾಣುವಂತೆ ಮಾಡಿ, ತೆಳುವಾದ ಗಾಜಿನ ಪಟ್ಟಿಯನ್ನು ಅಡ್ಡಲಾಗಿಟ್ಟು ಎರಡು ತುದಿಗೆ ಮಾತ್ರ ಎಪಾಕ್ಸಿ ಗಮ್ ಹಾಕಿ. ಪ್ಲಾಸ್ಟರ್ ಮೇಲೆಯೇ ಅಂಟಿಸಿದರೆ ಅಳೆಯುವುದು ಪ್ಲಾಸ್ಟರ್‌ನ ಚಲನೆ, ಗೋಡೆಯದ್ದಲ್ಲ. ಬಿರುಕು ಎಲ್ಲಿ ಕೊನೆಯಾಗಿದೆಯೋ ಅಲ್ಲೂ ಒಂದು ಅಡ್ಡಗೆರೆ ಎಳೆದು ತಾರೀಖು ಹಾಕಿ. ಗಾಜು ಒಡೆದರೆ ಚಲನೆ ಇದೆ ಅಂತ ಖಾತ್ರಿ.

ಮೇಲೆ ಬಿಸಿಲು ಬೀಳುವ ತಾರಸಿ ಇದ್ದರೆ ಒಂದು ಎಚ್ಚರ. ಸ್ಲ್ಯಾಬ್ ಮಧ್ಯಾಹ್ನ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ಬಿರುಕೂ ಅದರ ಜೊತೆ ತೆರೆದು ಮುಚ್ಚುತ್ತದೆ. ಬೆಳಗ್ಗೆ ಒಂದು ದಿನ, ಮಧ್ಯಾಹ್ನ ಇನ್ನೊಂದು ದಿನ ಅಳೆದರೆ ಸುಮ್ನೆ ತಲೆಕೆಡುತ್ತದೆ. ಒಂದೇ ಹೊತ್ತಿಗೆ ಅಳೆಯಿರಿ.

ಬಿರುಕು ಎಲ್ಲಿದೆ, ಹೇಗಿದೆ

ಛಾವಣಿಯಲ್ಲಿ ಎರಡು ಗೆರೆ, ನಡುವೆ ಹಳೆಯ ಗೋಡೆಯಷ್ಟೇ ಅಂತರ. ಇದು ಹೊಸ ಪ್ಲಾಸ್ಟರ್ ಹಳೆಯದಕ್ಕೆ ಸೇರುವ ಜಾಗ. ಹೊಸ ಗಾರೆ ಒಣಗುತ್ತಾ ಕುಗ್ಗಿ ಬಿಟ್ಟುಕೊಂಡಿದೆ. ಬೆಳೆಯದಿದ್ದರೆ ತಲೆಕೆಡಿಸಿಕೊಳ್ಳಬೇಡಿ.

ಛಾವಣಿಯಲ್ಲಿ ಒಂದೇ ಗೆರೆ, ಹಳೆಯ ಗೋಡೆಯ ಉದ್ದಕ್ಕೂ ಸಾಗಿದೆ. ಒಂದು ಅಂಗೈಯಷ್ಟು ಜಾಗದಲ್ಲಿ ಪ್ಲಾಸ್ಟರ್ ತೆಗೆದು ನೋಡಿ. ಗೆರೆ ಕಾಂಕ್ರೀಟ್ ಒಳಗೂ ಹೋಗಿದ್ದರೆ ಸ್ಲ್ಯಾಬ್ ಬಗ್ಗಿ ಬಿಟ್ಟ ಬಿರುಕು. ಬೀಮ್ ಇಲ್ಲ, ಅಥವಾ ಇದ್ದೂ ಭಾರ ಹೊರುತ್ತಿಲ್ಲ. ಅಗಲ ಕಮ್ಮಿ ಅಂತ ಇದನ್ನು ಹಗುರವಾಗಿ ನೋಡಬೇಡಿ. ಗೋಡೆಯಲ್ಲಿ 2 ಮಿ.ಮೀ. ಬಿರುಕು ಎಷ್ಟೋ ಸಲ ಬರೀ ಅಂದಗೇಡು. ಸ್ಲ್ಯಾಬ್‌ನ ಅಡಿಯಲ್ಲಿ, ಸ್ಪ್ಯಾನ್‌ನ ನಡುವೆ, ಅದರ ಕಾಲುಭಾಗ ಇದ್ದರೂ ಎಂಜಿನಿಯರ್ ನೋಡಲೇಬೇಕು.

ಬೀಮ್‌ನ ಮೇಲಿನ ಗೋಡೆಯಲ್ಲಿ ಓರೆ ಬಿರುಕು, ಇಟ್ಟಿಗೆ ಸಂದಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹತ್ತಿದೆ. ಎರಡೂ ಬದಿಯಿಂದ ಹತ್ತಿ ನಡುವಿನ ಕಡೆಗೆ ಬಾಗಿದ್ದರೆ ಬೀಮ್ ನಡುವೆ ಜೋತಿದೆ, ಮೇಲಿನ ಗೋಡೆ ಕಮಾನಿನ ಥರ ತನ್ನನ್ನು ತಾನೇ ಹೊರಲು ನೋಡುತ್ತಿದೆ. ಒಂದೇ ಬದಿಯಲ್ಲಿದ್ದರೆ ಆ ಬದಿಯ ತುದಿ ಇಳಿದಿರುವ ಸಾಧ್ಯತೆ ಜಾಸ್ತಿ. ಈ ಕಮಾನಿನ ಗುಣವೇ ಎಷ್ಟೋ ಜನರನ್ನು ಮೋಸ ಮಾಡುವುದು. ಗೋಡೆ ಒಡೆದ ದಿನ ಏನೂ ಆಗಲಿಲ್ಲ, ಆದ್ದರಿಂದ ಏನೂ ಆಗುವುದಿಲ್ಲ ಅಂದುಕೊಳ್ಳುತ್ತಾರೆ. ಇಟ್ಟಿಗೆಗಳು ಒಂದಕ್ಕೊಂದು ಒತ್ತಿಕೊಂಡು ಒಂದಷ್ಟು ದಿನ ನಿಂತಿರುತ್ತವೆ, ಅಷ್ಟೇ.

ಬೀಮ್ ತುದಿಯ ಕೆಳಗೆ ನೇರ ಬಿರುಕು, ಚಕ್ಕೆ ಏಳುವುದು. ಅಲ್ಲಿನ ಇಟ್ಟಿಗೆ ಜಜ್ಜುತ್ತಿದೆ. ಇದಕ್ಕೆ ಕಾಯುವ ಮಾತೇ ಇಲ್ಲ.

ಮಹಡಿಯಲ್ಲಿ ಸ್ಕರ್ಟಿಂಗ್ ಮತ್ತು ನೆಲದ ನಡುವೆ ಸಂದು, ನಡೆದರೆ ನೆಲ ಅದುರುವುದು, ಬಾಗಿಲು ಮೇಲಿನ ಮೂಲೆಯಲ್ಲಿ ಉಜ್ಜುವುದು: ನೆಲ ಇಳಿದಿದೆ. ಬಾಗಿಲನ್ನು ಕೆತ್ತಿಸಬೇಡಿ, ಅದು ನಿಮಗೆ ಪುಕ್ಕಟೆ ಸಿಕ್ಕಿರುವ ಅಳತೆಗೋಲು.

ಬಿರುಕು ದೂರದಲ್ಲಿದ್ದರೆ? ನಡುಗೋಡೆ ಹೊರಗೋಡೆಗೆ ಸೇರುತ್ತಿದ್ದ ಕಡೆ ನೇರವಾಗಿ ಸೀಳಿದ್ದರೆ ತೂಗುಗುಂಡು ಇಳಿಬಿಟ್ಟು ಹೊರಗೋಡೆ ವಾಲಿದೆಯಾ ನೋಡಿ. ಅಡ್ಡಗೋಡೆಯೊಂದು ಉದ್ದಗೋಡೆಗೆ ಬೆನ್ನುಕೊಟ್ಟಿರುತ್ತದೆ. ಅದನ್ನು ಪೂರ್ತಿ ತೆಗೆದರೆ ಉದ್ದಗೋಡೆ ಒಂಟಿಯಾಗುತ್ತದೆ. ಮೇಲಿನ ಭಾರಕ್ಕೆ ಬೀಮ್ ಹಾಕಿದರೂ ಪಕ್ಕದ ತಳ್ಳಿಗೆ, ಅದರಲ್ಲೂ ಭೂಕಂಪದ ಅಲುಗಾಟಕ್ಕೆ, ಆಸರೆ ಇರುವುದಿಲ್ಲ. ಎರಡೂ ಕಡೆ ಗೋಡೆಯ ಒಂದಿಷ್ಟು ತುಂಡು ಉಳಿಸಿ ಅಂತ ಎಂಜಿನಿಯರ್‌ಗಳು ಹಟ ಮಾಡುವುದು ಇದಕ್ಕೂ ಸೇರಿಯೇ.

ಬೀಮ್ ಇದೆ, ಆದರೂ ಬಿರುಕು

ನೀವು ಬೀಮ್ ಹಾಕಿಸಿದ್ದೀರಿ. ಹಾಗಿದ್ದರೂ ಸ್ಲ್ಯಾಬ್ ಜೋತಿದೆ. ಮೊದಲ ಅನುಮಾನ ಬೀಮ್‌ನ ಗಾತ್ರದ ಮೇಲೆ ಹೋಗುತ್ತದೆ. ನಾನು ಮೊದಲು ನೋಡುವುದು ಬೀಮ್‌ನ ತಲೆಯನ್ನು.

ಬೀಮ್ ಮತ್ತು ಸ್ಲ್ಯಾಬ್ ನಡುವೆ ಕೂರಿಸುವಾಗ ಬೆರಳಗಲದ ಸಂದು ಉಳಿಯುತ್ತದೆ. ಅದನ್ನು ಗಟ್ಟಿಯಾಗಿ ತುಂಬಿಸಬೇಕು. ಎಷ್ಟೋ ಕಡೆ ನಡೆಯುವುದೇನು? ಅಲ್ಲೊಂದು ಇಲ್ಲೊಂದು ಇಟ್ಟಿಗೆ ಚೂರು ತುರುಕಿ, ಎರಡು ಬದಿಯಿಂದ ಗಾರೆ ಒತ್ತಿ, ಮೇಲೆ ಪ್ಲಾಸ್ಟರ್ ಎಳೆದುಬಿಡುತ್ತಾರೆ. ಹೊರಗಿಂದ ಚೆಂದ ಕಾಣುತ್ತದೆ, ಒಳಗೆ ಟೊಳ್ಳು. ಸ್ಲ್ಯಾಬ್ ಆ ಟೊಳ್ಳಿನಷ್ಟು ಇಳಿದ ಮೇಲೆಯೇ ಬೀಮ್‌ಗೆ ಭಾರ ಸಿಗುವುದು.

ಪರೀಕ್ಷೆ ಸುಲಭ. ಬೀಮ್ ಮೇಲಿನ ಅಂಚಿನಲ್ಲಿ, ನಡುವೆ ಒಂದು ಕಡೆ ಮತ್ತು ಎರಡು ತುದಿಯ ಹತ್ತಿರ ಒಂದೊಂದು ಕಡೆ ಪ್ಲಾಸ್ಟರ್ ಬಿಡಿಸಿ. ಹ್ಯಾಕ್ಸಾ ಬ್ಲೇಡ್ ತೆಗೆದುಕೊಂಡು ಬೀಮ್ ಮತ್ತು ಸ್ಲ್ಯಾಬ್ ನಡುವೆ ತೂರಿಸಿ. ಗಾರೆಗೆ ತಾಗಿ ಅಲ್ಲೇ ನಿಂತರೆ ಸರಿ. ಸಲೀಸಾಗಿ ಒಳಗೆ ಹೋಗಿ ಆಚೆ ಕಡೆ ಬಂದರೆ ನಿಮಗೆ ಕಾರಣ ಸಿಕ್ಕಿತು. ಸಣ್ಣ ಸುತ್ತಿಗೆಯಲ್ಲಿ ಆ ಸಾಲಿಗೆ ತಟ್ಟುತ್ತಾ ಹೋದರೂ ಟೊಳ್ಳಿರುವಲ್ಲಿ ಸದ್ದು ಬದಲಾಗುತ್ತದೆ. ಪರಿಹಾರ ಕಷ್ಟವಲ್ಲ. ಎರಡೂ ಬದಿ ಜಾಕಿ ಕೊಟ್ಟು, ಸಡಿಲ ಗಾರೆ ಪೂರ್ತಿ ಕೆರೆದು, ಕುಗ್ಗದ ಗ್ರೌಟ್ (ಸಂದಿಗೆ ಸುರಿದು ತುಂಬುವ ಸಿಮೆಂಟ್ ಮಿಶ್ರಣ) ತುಂಬಿಸಬೇಕು. ಇಲ್ಲವೇ ಒಂದು ಸಿಮೆಂಟ್‌ಗೆ ಮೂರು ಮರಳಿನ ಒಣಗಾರೆ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಕೈಗೆ ನೀರು ಹತ್ತಬಾರದು. ಅದನ್ನು ಮರದ ತುಂಡಿನಿಂದ ಗುದ್ದಿ ಗುದ್ದಿ ತುಂಬಬೇಕು.

ಜಾಗದಲ್ಲೇ ಹಾಕಿದ ಕಾಂಕ್ರೀಟ್ ಬೀಮ್ ಆದರೆ ಈ ಟೊಳ್ಳು ಇನ್ನೂ ಸಾಮಾನ್ಯ. ಇರುವ ಸ್ಲ್ಯಾಬ್‌ನ ಅಡಿಗೆ ಕಾಂಕ್ರೀಟ್ ಪೂರ್ತಿ ಏರುವುದೇ ಕಷ್ಟ, ಏರಿದ್ದೂ ಒಣಗುತ್ತಾ ಕುಗ್ಗುತ್ತದೆ. ಜೊತೆಗೆ ಸೆಂಟ್ರಿಂಗ್ ಯಾವಾಗ ಬಿಚ್ಚಿದರು ಅಂತ ಕೇಳಿ. ಸಾಧಾರಣ ಸಿಮೆಂಟ್ ಬಳಸಿದಾಗ, 6 ಮೀಟರ್‌ವರೆಗಿನ ಬೀಮ್‌ನ ಜಾಕಿ ಕನಿಷ್ಠ 14 ದಿನ, ಅದಕ್ಕಿಂತ ಉದ್ದದ್ದಕ್ಕೆ 21 ದಿನ ಇರಬೇಕು ಅಂತ ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456:2000 ಹೇಳುತ್ತದೆ. ವಾರದಲ್ಲೇ ಬಿಚ್ಚಿದ್ದರೆ ಬೀಮ್ ಇನ್ನೂ ಎಳೆಯದಾಗಿದ್ದಾಗಲೇ ಬಗ್ಗಿರುತ್ತದೆ. ಹಾಗೆ ಬಗ್ಗಿದ್ದು ಮತ್ತೆ ನೆಟ್ಟಗಾಗುವುದಿಲ್ಲ.

ತಲೆ ಸರಿ ಇದ್ದರೆ ತುದಿಗೆ ಬನ್ನಿ. ಇಲ್ಲಿ ಭಾರ ಎಷ್ಟು ಒತ್ತಾಗಿ ಬೀಳುತ್ತದೆ ಅಂತ ಒಂದು ಲೆಕ್ಕ ಹಾಕೋಣ. ಗೋಡೆ ಪ್ರತಿ ಮೀಟರ್‌ಗೆ 2 ಟನ್ ಹೊತ್ತಿತ್ತು, 4 ಮೀಟರ್ ಗೋಡೆ ತೆಗೆದಿರಿ ಅಂದುಕೊಳ್ಳಿ. ಒಟ್ಟು 8 ಟನ್. ಒಂದೊಂದು ತುದಿಗೆ 4 ಟನ್. ಬೀಮ್ ಗೋಡೆಯೊಳಗೆ 150 ಮಿ.ಮೀ. ಕೂತಿದ್ದರೆ, ಆ ಗೇಣುದ್ದವೂ ಇಲ್ಲದ ಜಾಗದಲ್ಲಿ ಮೊದಲಿಗಿಂತ ಸುಮಾರು 13 ಪಟ್ಟು ಒತ್ತಡ. ಮೊದಲೇ ಅಲ್ಲಿದ್ದ ಭಾರವನ್ನು ಇನ್ನೂ ಸೇರಿಸಿಲ್ಲ. ಅದಕ್ಕೇ ತುದಿಯ ಕೆಳಗೆ ಭಾರ ಹರಡುವ ಕಾಂಕ್ರೀಟ್ ದಿಂಡು, ಅಂದರೆ ಬೆಡ್ ಬ್ಲಾಕ್, ಬೇಕಾಗುವುದು. ಅದು ಇಲ್ಲದಿದ್ದರೆ, ಬೀಮ್ 100 ಮಿ.ಮೀ.ಗಿಂತ ಕಮ್ಮಿ ಒಳಗೆ ಕೂತಿದ್ದರೆ, ಅಥವಾ ಕೆಳಗಿರುವುದು ತುಂಬಿಸದ ಹಾಲೋ ಬ್ಲಾಕ್ ಆಗಿದ್ದರೆ, ಬಿರುಕಿಗೆ ಬೇರೆ ಕಾರಣ ಹುಡುಕುವ ಅಗತ್ಯ ಇಲ್ಲ.

ಇವೆರಡೂ ಸರಿ ಇದ್ದಾಗ ಮಾತ್ರ ಗಾತ್ರದ ವಿಚಾರ. ಎಲ್ಲೋ ಉಳಿದಿದ್ದ ಗರ್ಡರ್ ತಂದು ಹಾಕಿದ್ದರೆ ಮೊದಲು ಅದನ್ನೇ ಅನುಮಾನಿಸಿ. ಬಾಗಿಲ ಎತ್ತರ ಉಳಿಯಲಿ ಅಂತ ಕುಳ್ಳನೆಯ ಬೀಮ್ ಎರಡನ್ನು ಪಕ್ಕಪಕ್ಕ ಹಾಕುವುದೂ ಉಂಟು. ಆಯತದ ಬೀಮ್‌ನ ಅಗಲ ಇಮ್ಮಡಿಯಾದರೆ ಬಗ್ಗದೆ ನಿಲ್ಲುವ ಬಿಗಿ ಎರಡು ಪಟ್ಟು ಆಗುತ್ತದೆ, ಎತ್ತರ ಇಮ್ಮಡಿಯಾದರೆ ಎಂಟು ಪಟ್ಟು. ಹಾಗಾಗಿ ಎರಡು ಕುಳ್ಳ ಒಂದು ಎತ್ತರಕ್ಕೆ ಸಮ ಅಲ್ಲ. ಜೋಡಿ ಬೀಮ್‌ಗಳನ್ನು ಬೋಲ್ಟ್ ಹಾಕಿ ಸೇರಿಸದಿದ್ದರೆ ಇನ್ನೊಂದು ತೊಂದರೆ: ಮೇಲಿನ ಗೋಡೆ ಒಂದರ ಮೇಲೆಯೇ ಕೂತು ಅದನ್ನು ತಿರುಚುತ್ತದೆ, ಪಕ್ಕದ್ದು ಸುಮ್ನೆ ನಿಂತಿರುತ್ತದೆ. ಎರಡರ ತಳಕ್ಕೂ ಅಡ್ಡಲಾಗಿ ರಸಮಟ್ಟ ಹಿಡಿದರೆ ಒಂದು ಇಳಿದಿರುವುದು ಕಾಣುತ್ತದೆ.

ಪಾಯ ಕುಸಿದಿದೆಯಾ?

ಉದ್ದಕ್ಕೂ ಹರಡಿದ್ದ ಭಾರ ಈಗ ಎರಡು ಬಿಂದುವಿನಲ್ಲಿ ಇಳಿಯುತ್ತಿದೆ. ಕೆಳಗಿನ ಮಣ್ಣಿಗೂ ಇದು ಹೊಸದು. ಬೀಮ್ ಹೊತ್ತ ಪಿಲ್ಲರ್ ಅಥವಾ ಗೋಡೆಯ ತುಂಡಿನ ಬುಡ ನೋಡಿ. ಸುತ್ತ ಟೈಲ್ಸ್ ಬಿರಿದಿದ್ದರೆ, ಬಿರುಕು ಮೇಲಿಂದ ನೆಲದವರೆಗೂ ಇಳಿದಿದ್ದರೆ, ತಿಂಗಳುಗಟ್ಟಲೆ ನಿಲ್ಲದೆ ಬೆಳೆಯುತ್ತಿದ್ದರೆ ಪಾಯದ ಕಡೆ ಗಮನ ಕೊಡಿ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಜೇಡಿಮಣ್ಣಿದ್ದರೆ ಋತುವಿನ ಜೊತೆ ಬಿರುಕೂ ಆಡುತ್ತದೆ. ಹತ್ತಿರದಲ್ಲಿ ನೀರಿನ ಪೈಪ್ ಸೋರುತ್ತಿದೆಯಾ ಅಂತಲೂ ನೋಡಿಕೊಳ್ಳಿ. ಇಲ್ಲಿ ಅಗೆದು ನೋಡದೆ ಯಾರೂ ಖಚಿತವಾಗಿ ಹೇಳಲಾರರು. ಅಗೆಯುವುದಾದರೆ ಜಾಕಿ ಕೊಟ್ಟ ಮೇಲೆಯೇ, ಒಂದು ಸಲಕ್ಕೆ ಒಂದೇ ಬದಿ.

ಸರಿಪಡಿಸಿದ ಮೇಲೆ ಜಾಕಿ ಬಿಚ್ಚುವುದು

ಎಂಜಿನಿಯರ್ ಹೇಳಿದ ಕೆಲಸ ಮುಗಿದಿದೆ, ಗ್ರೌಟ್ ಅಥವಾ ಕಾಂಕ್ರೀಟ್ ಬಲಿತಿದೆ. ಬಿಚ್ಚುವ ಮೊದಲು ದಾರ ಕಟ್ಟಿ ಇನ್ನೊಂದು ಸಲ ಅಳೆದು ಬರೆದಿಡಿ. ಎರಡು ತುದಿಯಲ್ಲಿ ಕೂತ ಬೀಮ್ ಆದರೆ ನಡುವಿನ ಜಾಕಿಯಿಂದ ಶುರು ಮಾಡಿ, ಎರಡೂ ಕಡೆಗೆ ಸಮವಾಗಿ ತುದಿಯತ್ತ ಬನ್ನಿ. ಸುತ್ತಿಗೆಯಲ್ಲಿ ಹೊಡೆದು ಒಂದೇ ಏಟಿಗೆ ಬೀಳಿಸಬೇಡಿ, ಸ್ಕ್ರೂ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಸಡಿಲಿಸಿದ ಜಾಕಿಯನ್ನು ಹೊರಗೆ ಒಯ್ಯದೆ, ಐದಾರು ಮಿ.ಮೀ. ಸಂದು ಬಿಟ್ಟು ಅಲ್ಲೇ ನಿಲ್ಲಿಸಿಡಿ. ಮಾರನೆಯ ದಿನ ಅಳೆಯಿರಿ, ವಾರದ ಮೇಲೆ ಇನ್ನೊಮ್ಮೆ ಅಳೆಯಿರಿ. ಒಂದೆರಡು ಮಿ.ಮೀ. ಇಳಿದು ನಿಂತಿದ್ದರೆ ಜಾಕಿ ತೆಗೆದು ಗಾಜುಪಟ್ಟಿ ಹಾಗೇ ಬಿಡಿ, ಪೇಂಟ್ ಅವಸರ ಬೇಡ. ಸ್ಲ್ಯಾಬ್ ಇಳಿದು ಜಾಕಿಯ ತಲೆಗೆ ಮತ್ತೆ ತಾಗಿದ್ದರೆ ಅಲ್ಲಿಗೇ ಬಿಗಿ ಮಾಡಿ, ಬರೆದಿಟ್ಟ ಅಳತೆಗಳ ಜೊತೆ ಎಂಜಿನಿಯರ್‌ನ ವಾಪಸ್ ಕರೆಸಿ.